ಅಣ್ಣನ ರಕ್ತ ಕೂಡದೇ ಹೋದಾಗ

ನನಗೆ ಥಲಸ್ಸೇಮಿಯಾ. ಮೈಯಲ್ಲಿ ಕೆಂಪು ರಕ್ತಕಣಗಳು ಸರಿಯಾಗಿ ಆಗುವುದಿಲ್ಲ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಕೂಸಾಗಿದ್ದಾಗಿನಿಂದ ಹುನಗುಂದದಿಂದ ಬಾಗಲಕೋಟೆಯ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಜೊತೆಗೆ ಬರುತ್ತಿದ್ದವನು ಅಣ್ಣ. ನಮ್ಮಿಬ್ಬರದೂ ಒಂದೇ ಗುಂಪಿನ ರಕ್ತ. ಹದಿನೆಂಟು ತುಂಬಿದ ವಾರವೇ ಅವನು ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ನನ್ನ ಮಂಚದ ಬಳಿ ಬಂದು ನಿಂತಿದ್ದ. "ಇನ್ನ ಚಿಂತಿ ಬ್ಯಾಡ ತಂಗಿ, ನಾ ಅದೇನಿ," ಅಂದಿದ್ದ. ಆಮೇಲೆ ಕೊಡಬಹುದಾದಾಗಲೆಲ್ಲ ತಪ್ಪದೆ ಕೊಟ್ಟ.

ನಾನು ಬಿ.ಎಡ್. ಓದುತ್ತಿದ್ದ ವರ್ಷ, ರಕ್ತ ಏರಿಸಿ ವಾರ ಕಳೆಯುವಷ್ಟರಲ್ಲೇ ಮತ್ತೆ ಏದುಸಿರು ಬಂತು. ಕಣ್ಣು ಹಳದಿಯಾದವು. ಬಾಗಲಕೋಟೆಗೆ ಹೋಗುತ್ತಲೇ ಅಣ್ಣ ಅಂಗಿಯ ತೋಳು ಮಡಚಿದ. ಅವನ ರಕ್ತವನ್ನೂ ನನ್ನದನ್ನೂ ಕೂಡಿಸಿ ಪರೀಕ್ಷೆ ಮಾಡಿದ ರಕ್ತನಿಧಿಯ ಹೆಣ್ಣುಮಗಳು ಹೊರಗೆ ಬಂದರು.

"ನಿಮ್ಮ ರಕ್ತ ಇವರಿಗೆ ಕೂಡವಲ್ದರಿ."

"ಗುಂಪು ಒಂದ ಐತಲ್ರಿ?"

"ಗುಂಪಿನೊಳಗ ಇನ್ನೂ ಸಣ್ಣ ಸಣ್ಣ ಗುರುತು ಇರ್ತಾವ್ರಿ. ಇಷ್ಟ ವರ್ಷ ಮಂದಿ ರಕ್ತ ಏರಿಸಿ ಏರಿಸಿ, ಒಂದು ಗುರುತನ್ನ ಇವರ ಮೈ ಪರಕೀ ಅಂತ ಹಿಡದೈತಿ. ಆ ಗುರುತಿದ್ದ ರಕ್ತ ಹಾಕಿದ್ರ ಒಡದು ಹಾಕ್ತೈತಿ. ನಿಮ್ಮ ರಕ್ತದಾಗೂ ಅದು ಐತ್ರಿ."

ಅಣ್ಣ ಬೆಂಚಿನ ಮೇಲೆ ಕುಳಿತ. ಅಲ್ಲಿಂದಲೇ ಕೇಳಿದ: "ನನ್ನ ರಕ್ತದಿಂದನ ಹಿಂಗ ಆತೇನ್ರಿ?"

"ಯಾರದಂತ ಹೇಳಾಕ ಬರೂದಿಲ್ರಿ. ಎಷ್ಟೋ ಮಂದೀದು ಹೋಗೈತಿ."

ಅವನು ತೋಳು ಇಳಿಸಿ ಗುಂಡಿ ಹಾಕಿಕೊಂಡ. ನನಗೆ ನನ್ನ ಮೈಯ ಮೇಲೆಯೇ ಸಿಟ್ಟು ಬಂತು. ಊರ ಮಂದಿಯ ರಕ್ತದಲ್ಲೇ ಬೆಳೆದದ್ದು, ಈಗ ಒಡಹುಟ್ಟಿದವನನ್ನೇ ಒಲ್ಲೆ ಅನ್ನುತ್ತಿತ್ತು.

ನಾಲ್ಕು ದಿನ ಗುಳಿಗೆ, ಆಮ್ಲಜನಕದ ಆಸರೆಯಲ್ಲಿ ಮಲಗಿದ್ದೆ. ಆ ಹೆಣ್ಣುಮಗಳು ಇದ್ದ ರಕ್ತದ ಚೀಲಗಳನ್ನೆಲ್ಲ ಒಂದೊಂದಾಗಿ ನನ್ನ ರಕ್ತದೊಡನೆ ಕೂಡಿಸಿ ನೋಡಿದರು, ಹಳೆಯ ದಾನಿಗಳಿಗೆ ಫೋನು ಮಾಡಿದರು. ಐದನೆಯ ದಿನ ಇಳಕಲ್ಲಿನಿಂದ ಒಬ್ಬ ಮುಸ್ಲಿಂ ಹೆಂಗಸು ಬಂದರು, ಬಟ್ಟೆ ಹೊಲಿಯುವವರು. "ಅರ್ಧ ಹೊಲಿದ ಜಂಪರ್ ಮಷಿನ್‌ನ್ಯಾಗ ಬಿಟ್ಟು ಬಂದೇನ್ರಿ. ಲಗೂನ ತಗೋರಿ," ಅಂದರು. ಅವರ ರಕ್ತ ಕೂಡಿತು. ಮೈಯಲ್ಲಿ ನಿಂತಿತು ಕೂಡ.

ಈಗ ನಾನು ಸಾಲಿಯ ಟೀಚರ್. ಪ್ರತಿ ಸಲವೂ ಆ ಗುರುತಿಲ್ಲದ ರಕ್ತ ಹುಡುಕಬೇಕು. ಕೆಲವೊಮ್ಮೆ ವಾರ ಕಾಯಬೇಕು. ಅಣ್ಣ ಇವತ್ತಿಗೂ ಜೊತೆಗೆ ಬರುತ್ತಾನೆ. ಎರಡು ವರ್ಷ ಅವನು ರಕ್ತ ಕೊಡುವ ಕೋಣೆಯತ್ತ ಸುಳಿಯಲಿಲ್ಲ. ಹೋದ ಶ್ರಾವಣದಲ್ಲಿ, ಬಾದಾಮಿ ಕಡೆಯ ಕೂಸೊಂದಕ್ಕೆ ರಕ್ತ ಬೇಕೆಂದಾಗ, ನನ್ನ ಕಡೆ ನೋಡದೆ ಎದ್ದು ಆ ಕೋಣೆಯೊಳಗೆ ಹೋದ.