ಹೈಫಾಂಗಿನ ಸಾಲಿಗೆ ಸಕ್ಕರೆ ಹಾಕಿದ್ದು

"ಕೋ ಓಯ್! ಕೋ ಓಯ್!"

ನನ್ನ ಮೊಮ್ಮಗಳು ನೀಲಾ ಇಂಗ್ಲಿಷ್ ಕಲಿಸೋ ಸಾಲಿಯ ಗೇಟಿನ ಮುಂದೆ ನಾನು ನಿಂತಿದ್ದೆ. ವಿಯೆಟ್ನಾಂ ದೇಶಕ್ಕೆ ನಾನು ಬಂದು ಅವತ್ತಿಗೆ ಎರಡನೇ ದಿನ. ಮೊಣಕಾಲುದ್ದದ ಹುಡುಗರು ಓಡಿ ಬಂದು, ಒಳಗೆ ಹೋಗುತ್ತಿದ್ದ ನೀಲಾನ ಕಡೆ ಕೈ ಬೀಸುತ್ತಾ ಹಿಂಗೆ ಕೂಗಿದವು. ನಮ್ಮ ಕುರುಗೋಡಿನಲ್ಲಿ ದನ ಕಾಯೋನಿಗೂ ನಾಲ್ಕು ಮಂದಿ ಎದುರು 'ಓಯ್' ಅಂದು ನೋಡ್ರಿ, ತಿರುಗಿ ಎರಡು ಮಾತು ಅಂದೇ ಮುಂದೆ ಹೋಗ್ತಾನೆ. ಇಲ್ಲಿ ಪಾಠ ಹೇಳೋ ಮಾಸ್ತರಮ್ಮನಿಗೇ ಓಯ್!

ನಾನು ಸುಮ್ಮನಿರೋ ಪೈಕಿ ಅಲ್ಲ. ಮುಂದಿದ್ದ ಹುಡುಗನನ್ನ ತಡೆದು, "ಯಾಕಲೇ, ವಿದ್ಯೆ ಕಲ್ಸಾಕಿಗೆ ಓಯ್ ಅಂತೀಯೇನಲೇ? ನಿಮ್ಮವ್ವ ಇದನ್ನ ಕಲ್ಸ್ಯಾಳೇನು?" ಅಂದೆ. ಅವನಿಗೆ ಏನು ತಿಳೀಬೇಕು ಪಾಪ. ಎರಡೂ ಕೈ ಎದೆಗೆ ಕಟ್ಟಿಕೊಂಡು, ನಡು ಬಗ್ಗಿಸಿ ನನಗೆ ತಲೆ ಬಾಗಿದ. ನಾವು ಸಣ್ಣವರಿದ್ದಾಗ ಮಾಸ್ತರ ಎದುರು ನಿಲ್ಲುತ್ತಿದ್ದದ್ದೂ ಹಿಂಗೇ, ಕೈ ಕಟ್ಟಿಕೊಂಡೇ. ಬಾಯಿಯಲ್ಲಿ ಓಯ್, ಮೈಯಲ್ಲಿ ಇಷ್ಟು ಮರ್ಯಾದೆ! ನನಗೇನೂ ಬಗೆಹರೀಲಿಲ್ಲ. ಆದರೂ ಮನಸ್ಸಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡೆ: ಈ ಸಾಲಿಯಲ್ಲಿ ಕಲಿಸೋರಿಗೆ ಬೆಲೆ ಇಲ್ಲ.

ಯಾಕೆ ಗೆರೆ ಎಳೆದೆ ಅಂದರೆ, ನಾನು ಬಂದದ್ದೇ ಆ ಕೆಲಸಕ್ಕೆ.

ನನ್ನ ಹೆಸರು ಹಂಪಮ್ಮ. ಹುಟ್ಟಿದ್ದು ಸಿರುಗುಪ್ಪ, ಕೊಟ್ಟದ್ದು ಕುರುಗೋಡಿಗೆ. ಮೂರನೇ ಕ್ಲಾಸಿನ ತನಕ ಓದೀನಿ, ಅದಕ್ಕೇ ಈ ಬರಹದಲ್ಲಿ ಒತ್ತು ದೀರ್ಘ ತಪ್ಪಿದ್ದನ್ನ ನೀಲಾ ತಿದ್ದಿದ್ದಾಳೆ. ಮಾತು ಮಾತ್ರ ಮುಟ್ಟಬೇಡ ಅಂದೀನಿ. ನೀಲಾ ನನ್ನ ಮಗಳ ಮಗಳು. ತಾಯಿ ಇಲ್ಲದ ಕೂಸು, ನನ್ನ ಉಡಿಯಲ್ಲಿ ಬೆಳೆದದ್ದು. ಬಳ್ಳಾರಿಯಲ್ಲಿ ಓದಿ, ಪಾರ್ವತಿನಗರದ ಒಂದು ಸಣ್ಣ ಕೋಣೆಯಲ್ಲಿ ಹುಡುಗರಿಗೆ ಇಂಗ್ಲಿಷ್ ಮಾತಾಡಾಕ ಕಲಿಸುತ್ತಾ ಇದ್ದಳು. ಹೋದ ವರ್ಷ ಹೈಫಾಂಗ್ ಅನ್ನೋ ಈ ಬಂದರದ ಊರಿನ ಖಾಸಗಿ ಸಾಲಿಯವರು ಕರೆದರು, ಹಾರಿಬಂದಳು. ನಮ್ಮ ಮನೆತನದಲ್ಲಿ ಮಂದಿಗೆ ಪಾಠ ಹೇಳಿದವರು ಇವಳೇ ಮೊದಲು. ಅದನ್ನ ನೆನೆದರೆ ಈಗಲೂ ನನಗೆ ಅನ್ನ ನುಂಗೋದು ಮರೆತುಹೋಗತ್ತೆ, ಅಷ್ಟು ಹಿಗ್ಗು.

ಈಗ ವರ್ಷ ತುಂಬುತ್ತಾ ಬಂತು. ಇನ್ನೆರಡು ವರ್ಷಕ್ಕೆ ಸಹಿ ಹಾಕು ಅಂತ ಸಾಲಿಯವರು ಅಂದರು. ಅತ್ತ ಬಳ್ಳಾರಿಯಲ್ಲೂ ಒಂದು ಸಾಲಿಯಿಂದ ಕರೆ ಬಂದಿತ್ತು. ನೀಲಾ ತೂಗುಯ್ಯಾಲೆ ಆದಳು. ಫೋನು ಮಾಡಿದರೆ, "ಅಜ್ಜಿ, ಸಾಲಿ ಚೊಲೋ ಐತಿ ಅನಸ್ತೈತಿ. ಆದ್ರ ಒಬ್ಬಾಕಿ ಅದೀನಿ, ನನಗ ತಿಳೀವಲ್ದು," ಅಂತಿದ್ದಳು. ನನ್ನ ಮಗ ವೀರೇಶ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಅಕ್ಕನ ಮಗಳು ಅಂದರೆ ಜೀವ ಅವನಿಗೆ. "ಅವ್ವಾ, ನೀನ ಹೋಗಿ ಕಣ್ಣಿಲೆ ನೋಡು. ನೆಟ್ಟಗಿಲ್ಲ ಅಂದ್ರ ಕರಕೊಂಡ ಬಾ," ಅಂದ.

ಪರದೇಶದ ಸಾಲಿ ನೋಡಾಕ ನನಗೇನು ಬರತ್ತೆ? ನನಗೆ ಬರೋದು ಒಂದೇ, ಹೆಣ್ಣು ಕೊಡೋ ಮನೆ ನೋಡೋದು. ಹೇಳದೆ ಹೋಗಬೇಕು. ನೀರಿನ ಕೊಡ ನೋಡಬೇಕು. ಮೊದಲಿಂದ ಇರೋ ಸೊಸೆಯರ ಮುಖ ನೋಡಬೇಕು. ಬಿಟ್ಟುಹೋದ ಸೊಸೆ ಇದ್ದರೆ ಅವಳ ಬಗ್ಗೆ ಹೆಂಗೆ ಮಾತಾಡ್ತಾರೆ ಅಂತ ಕಿವಿಗೊಡಬೇಕು. ಕೊಡೋದು ಗಂಡಿಗಾದರೇನು, ಕೆಲಸಕ್ಕಾದರೇನು? ಹುಡುಗಿ ನಮ್ಮದು.

ವಿಮಾನ ಇಳಿದು ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ನೋಡಿದೆ. ಕಣ್ಣು ಹೋದಷ್ಟು ದೂರ ಭತ್ತದ ಗದ್ದೆ, ಬಗ್ಗಿ ನಾಟಿ ಹಚ್ಚೋ ಹೆಣ್ಣುಮಕ್ಕಳು. "ಏ ನೀಲಾ, ನಾವು ಸಿರುಗುಪ್ಪ ದಾಟಾಕತ್ತೀವೇನ?" ಅಂದೆ. ಅವಳು ನಕ್ಕು ನಕ್ಕು ಸಾಕಾದಳು. ನನಗೆ ಮಾತ್ರ ಕಣ್ಣು ತುಂಬಿದವು. ಇಷ್ಟು ದೂರ ಬಂದು ನೋಡಿದರೆ ತವರಿನ ಗದ್ದೆ!

ಆದರೆ ಗದ್ದೆ ಒಂದಾದರೆ ಊಟ ಒಂದಾಗಬೇಕಲ್ಲ. ಇಲ್ಲಿ ಎಲ್ಲಕ್ಕೂ ಮೀನಿನ ರಸ. ನಾವು ಅದನ್ನ ಮುಟ್ಟೋರಲ್ಲ. ಒಂದು ಹೋಟೆಲಿನಲ್ಲಿ ನೀಲಾ "ಚಾಯ್, ಚಾಯ್" ಅಂತ ಎರಡು ಸಲ ಒತ್ತಿ ಹೇಳಿದಳು. ಬ್ರೂಸ್‌ಪೇಟೆಯ ಸಾಹೇಬರ ಚಹಾದಂಗಡಿ ನೆನಪಾಗಿ, ಬಿಸಿ ಚಹಾ ಬರತ್ತೆ ಅಂತ ನಾನು ಸೆರಗು ಸರಿಮಾಡಿಕೊಂಡು ಕೂತೆ. ಬಂದದ್ದು ಅನ್ನ, ಸೊಪ್ಪು, ಮೇಲೆ ಬಿಳಿ ಗಿಣ್ಣದಂಥ ತುಂಡುಗಳು. ಇಲ್ಲಿ ಚಾಯ್ ಅಂದರೆ ಮೀನು ಮಾಂಸ ಇಲ್ಲದ ಊಟವಂತೆ. ನನಗೆ ಕನ್ನಡ ಬರತ್ತೆ, ಗಡಿ ಊರಿನವಳಾದ್ದರಿಂದ ತೆಲುಗು ಬರತ್ತೆ, ಅಂಗಡಿ ಬಾಗಿಲಿನಷ್ಟು ಉರ್ದು ಬರತ್ತೆ. ಮೂರೂ ಸೇರಿ ನನಗೆ ಒಂದು ಲೋಟ ಚಹಾ ತರಿಸಲಿಲ್ಲ ನೋಡ್ರಿ.

ಮನೆಯೋ, ಬೆಂಕಿಪೆಟ್ಟಿಗೆಯನ್ನ ನೆಟ್ಟಗೆ ನಿಲ್ಲಿಸಿದಂಗೆ. ಅಗಲ ಇಲ್ಲ, ಬರೀ ಎತ್ತರ. ನಮ್ಮದು ಮೇಲಿನ ಅಂತಸ್ತು, ಕೆಳಗೆ ಮನೆಯೊಡತಿ ಲಾನ್ ಅಂತ ಹೆಂಗಸು ಮುಂಬಾಗಿಲಲ್ಲೇ ಸೊಪ್ಪು ಮಾರ್ತಾಳೆ. ಚಪ್ಪಲಿ ಹೊರಗೇ ಬಿಡಬೇಕು, ಅದು ನಮ್ಮಂಗೇ. ಊರಿಂದ ತಂದ ಜೋಳದ ಹಿಟ್ಟು ಕಲಸಿ ಮೊದಲ ರೊಟ್ಟಿ ಬಡಿದೆನೋ ಇಲ್ಲೋ, ಲಾನ್ ಏದುಸಿರು ಬಿಡ್ತಾ ಮೆಟ್ಟಿಲು ಹತ್ತಿ ಬಂದಳು. ಯಾರೋ ಯಾರನ್ನೋ ಹೊಡೀತಿದ್ದಾರೆ ಅಂತ ಅವಳ ಎಣಿಕೆ. ನನ್ನ ಕೈ ನೋಡಿದಳು, ರೊಟ್ಟಿ ನೋಡಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟೆ, ಖಾರಕ್ಕೆ ಹಾಹಾ ಅಂತಾ ಇಳಿದುಹೋದಳು.

ಮರುದಿನ ನೀಲಾ ಸಾಲಿಗೆ ಹೋದ ಮೇಲೆ ಬೀದಿಗೆ ಇಳಿದೆ. ಲಾನ್ ನನ್ನ ಕಡೆ ನೋಡಿ ಕೂಗಿದಳು: "ಬಾ ಓಯ್!"

ಓಯ್ ಅಂದದ್ದಕ್ಕೆ ಸಿಟ್ಟು ಬಂತು. ಆದರೆ 'ಬಾ' ಅಂದಳಲ್ಲ! ಮಾತು ಬಾರದ ಊರಲ್ಲಿ ಒಬ್ಬಳಾದರೂ ಬಾ ಅಂದಳು. ಹೋದೆ. ಅವಳು ಒಂದು ಗಳಿಗೆ ಬೆರಗಾಗಿ ನೋಡಿ, ಸಣ್ಣ ಮಣೆ ಸರಿಸಿ ಕೂಡಿಸಿ, ಹಾಲಿಲ್ಲದ ಹಸಿರು ಚಹಾ ಕೊಟ್ಟಳು. ಸಂಜೆ ಮತ್ತೆ "ಬಾ ಓಯ್!" ಮತ್ತೆ ಹೋದೆ. ಮತ್ತೆ ಬೆರಗು, ಮತ್ತೆ ಮಣೆ, ಮತ್ತೆ ಚಹಾ. ಹಿಂಗೇ ದಿನಾ ನಡೀತು. ಅವಳ ಸೊಪ್ಪಿನ ಕಟ್ಟು ಕಟ್ಟುತ್ತಾ ನಾನು ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ, ಸಂಸಾರ ಸುದ್ದಿ ಎಲ್ಲಾ ಮಾತಾಡಿದ್ವಿ.

ಒಂದು ದಿನ ನೀಲಾಗೆ ಹೇಳಿದೆ, "ಆಕಿ ಬಾಯಿ ಒರಟು. ಆದ್ರ ಮನಸು ಚೊಲೋ. ದಿನಾ ಬಾ ಬಾ ಅಂತ ಕರದು ಚಹಾ ಕೊಡ್ತಾಳ."

ನೀಲಾ ಬಾಯಿಗೆ ಕೈ ಅಡ್ಡ ಹಿಡಿದಳು. "ಅಜ್ಜಿ! ಆಕಿ ನಿನ್ನ ಕರೀವಲ್ಲಳು. ಇವರ ಮಾತಿನ್ಯಾಗ ಬಾ ಅಂದ್ರ ಅಜ್ಜಿ. ಓಯ್ ಅಂದ್ರ ನಾವು ಅವ್ವಾ, ಅಪ್ಪಾ ಅಂತ ರಾಗ ಎಳೀತೀವಲ್ಲ, ಹಂಗ. ಬಾ ಓಯ್ ಅಂದ್ರ 'ಅಜ್ಜೀ' ಅಂತ ಮಾತಾಡ್ಸೋದು, ಅಷ್ಟ. ನೀ ಹೋಗಿ ಕುಂತಬಿಡ್ತೀ!"

"ಹಂಗಾರ ನಿನಗ ಹುಡುಗ್ರು ಕೋ ಓಯ್ ಅನ್ನೋದು?"

"ಕೋ ಅಂದ್ರ ಮಾಸ್ತರಮ್ಮ. 'ಟೀಚರಮ್ಮಾ' ಅಂದಂಗ ಅಜ್ಜಿ."

ನಾನು ಎಳೆದಿದ್ದ ಗೆರೆ ನಾನೇ ಅಳಿಸಿದೆ. ಆ ಹುಡುಗನ್ನ ಬೈದದ್ದಕ್ಕೆ ಮರುದಿನ ಅವನ ಕೈಗೆ ಒಂದು ಶೇಂಗಾ ಉಂಡಿ ಇಟ್ಟೆ, ಮತ್ತೆ ಕೈ ಕಟ್ಟಿ ನಮಸ್ಕಾರ ಮಾಡಿದ ಮಾರಾಯ. ಲಾನ್ ಹತ್ತಿರ ಹೋಗೋದನ್ನೂ ಬಿಡಲಿಲ್ಲ. ಅವಳು ಕರೆಯದಿದ್ದರೇನು, ನನಗೆ ಕೇಳಿಸಿತ್ತಲ್ಲ.

ಇನ್ನು ಕಿವಿ ನಂಬಬಾರದು, ಕಣ್ಣೇ ನಂಬಬೇಕು ಅಂತ ಶನಿವಾರ ಮಧ್ಯಾಹ್ನ ಹೇಳದೆ ಸಾಲಿಗೆ ಹೋದೆ. ಒಳಗೆ ಕತ್ತಲು. ದೀಪ ಆರಿಸಿ, ಪರದೆ ಎಳೆದಿದ್ದಾರೆ. ಬಾಗಿಲು ಸರಿಸಿ ನೋಡಿದರೆ ಮಡಚೋ ಮಂಚಗಳ ಮೇಲೆ ಕಲಿಸೋರೆಲ್ಲಾ ಉದ್ದಕ್ಕೆ ಮಲಗಿಬಿಟ್ಟಿದ್ದಾರೆ! ನನ್ನ ನೀಲಾ ಕೂಡ, ಕಣ್ಣಿಗೆ ಬಟ್ಟೆ ಹಾಕಿಕೊಂಡು. ಅಯ್ಯೋ ಶಿವನೇ, ಸಾಲಿ ದಿವಾಳಿ ಎದ್ದು ಮುಚ್ಚಿತೋ, ಇಲ್ಲಾ ಎಲ್ಲರಿಗೂ ಜಡ್ಡು ಬಂತೋ ಅಂತ ಗಾಬರಿಯಾದೆ. ಕಾಲ ಹೆಜ್ಜೆ ಕೇಳಿ ಒಬ್ಬ ಹೆಂಗಸು ಎದ್ದು ಬಂದು, ತುಟಿಗೆ ಬೆರಳಿಟ್ಟು, ನನ್ನನ್ನ ಹೊರಗಿನ ಬೆಂಚಿಗೆ ಕೂಡಿಸಿ ನೀರು ಕೊಟ್ಟಳು. ಅವಳೇ ಸಾಲಿಯ ಒಡತಿ, ಮಾಯ್ ಮೇಡಂ ಅಂತ ಆಮೇಲೆ ತಿಳೀತು. ಒಡತಿಯೇ ಎದ್ದು ನೀರು ಕೊಟ್ಟಳು!

ಈ ದೇಶದಲ್ಲಿ ಊಟ ಆದ ಮೇಲೆ ಎಲ್ಲರೂ ಒಂದಿಷ್ಟು ಮಲಗೋದು ರೂಢಿಯಂತೆ, ಅಂಗಡಿಯವರೂ ಸಾಲಿಯವರೂ. ಬೆಂಚಿನ ಮೇಲೆ ಕೂತು ಯೋಚನೆ ಮಾಡಿದೆ. ನನ್ನ ಆಯುಷ್ಯದಲ್ಲಿ ಎಷ್ಟೋ ಮನೆ ನೋಡೀನಿ. ಹಿತ್ತಾಳೆ ಕೊಡ ಬೆಳಗಿಟ್ಟಿದ್ದನ್ನ ನೋಡೀನಿ, ಬಂಗಾರ ತೋರಿಸಿದ್ದನ್ನ ನೋಡೀನಿ. ಮಧ್ಯಾಹ್ನ ಸೊಸೆಯನ್ನ ಕಣ್ಣು ಮುಚ್ಚಾಕ ಬಿಟ್ಟ ಮನೆ ಒಂದೂ ನೋಡಿರಲಿಲ್ಲ. ನನಗೂ ಯಾರೂ ಬಿಟ್ಟಿರಲಿಲ್ಲ.

ದೀಪ ಹತ್ತಿದ ಮೇಲೆ ಕ್ಲಾಸು ಶುರುವಾಯಿತು. ಕಿಟಕಿಯಿಂದ ನೀಲಾನ ದನಿ ಕೇಳಿತು, ಹಿಂದೆಯೇ ಹುಡುಗರ ದನಿ. ಅವಳು ಒಂದು ಮಾತು ಅಂದರೆ ಅಷ್ಟೂ ಮಂದಿ ಅದನ್ನೇ ಅನ್ನೋದು. ಅರ್ಥ ನನಗೆ ತಿಳೀಲಿಲ್ಲ. ತಿಳೀಬೇಕು ಯಾಕೆ? ನನ್ನ ಉಡಿಯಲ್ಲಿ ತೊದಲಿದ ಬಾಯಿ ಅದು. ಬೆಂಚಿನ ಮೇಲೆ ಒಬ್ಬಳೇ ಕೂತು ನಗುತ್ತಾ ಅತ್ತೆ.

ಆದರೆ ಹಿಗ್ಗಿನಲ್ಲಿ ಕಣ್ಣು ಮುಚ್ಚೋಳಲ್ಲ ನಾನು. ಮನೆಗೆ ಬಂದು ನೀಲಾನ್ನ ಕೇಳಿದೆ, "ಸಾಲಿ ಬಿಟ್ಟುಹೋದೋರು ಏನಂತಾರ?"

"ನಾನು ಬರೋದಕ್ಕಿಂತ ಮುಂಚೆನ ಇಬ್ಬರಿಗೆ ಫೋನು ಮಾಡಿದ್ದೆ ಅಜ್ಜಿ. ಅವರ ನಂಬರ್ ಕೊಟ್ಟಾಕಿನೂ ಮಾಯ್ ಮೇಡಮ್ಮ. ಪಗಾರ ತಡ ಆಗಿಲ್ಲ ಅಂದ್ರು. ಹುಡುಗ್ರು ಬರದ ಕ್ಲಾಸು ರದ್ದಾದ್ರ ಅರ್ಧಾನ ಕೊಡ್ತಾರ, ಅದೊಂದು ಬ್ಯಾಸರ ಅಂದ್ರು."

ಎಲ್ಲರ ಮನೆ ದೋಸೆಯೂ ತೂತೇ, ಅದಿರಲಿ ಅಂದೆ. "ಮತ್ತ ಯಾಕ ಸಹಿ ಹಾಕವಲ್ಲಿ?"

ಅವಳು ಚೀಲದಿಂದ ಕಾಗದ ತೆಗೆದಳು. "ಹೊಸ ಕಾಗದದಾಗ ಒಂದು ಮಾತು ಐತಿ. ನನ್ನ ಪಾಸ್‌ಪೋರ್ಟು ಸಾಲಿಯವರ ಹತ್ರ ಇರ್ತೈತಂತ, ಜೋಪಾನಕ್ಕ."

ಈ ಮಾತು ನನಗೆ ಗೊತ್ತಿದ್ದದ್ದೇ. 'ನಿನ್ನ ಬಂಗಾರ ನನ್ನ ಹತ್ರ ಇರ್ಲವ್ವ, ಜೋಪಾನ ಇಡ್ತೀನಿ' ಅನ್ನೋ ಅತ್ತೆಯಂದಿರು ನಮ್ಮಲ್ಲೂ ಇದ್ದಾರೆ. ಕೆಲವರು ನಿಜವಾಗಿ ಜೋಪಾನ ಮಾಡ್ತಾರೆ. ಕೆಲವರ ಪೆಟ್ಟಿಗೆಗೆ ಹೋದದ್ದು ತಿರುಗಿ ಬರೋದಿಲ್ಲ. ಪಾಸ್‌ಪೋರ್ಟು ಇಲ್ಲದೆ ಹುಡುಗಿ ಮನೆಗೆ ಬರೋದು ಹೆಂಗೆ?

"ಕೇಳಿದೇನು?"

"ಹೆಂಗ ಕೇಳಲಿ? ಬ್ಯಾಸರ ಮಾಡ್ಕೊಂಡ್ರ?"

"ಕೇಳು. ಕೇಳಿದಾಗ ಮುಖ ಹೆಂಗಾಗ್ತೈತಿ, ಅದ ಆ ಮನಿ. ಕಾಗದ ನೀ ನೋಡು, ಮುಖ ನಾ ನೋಡ್ತೀನಿ."

ಇಬ್ಬರೂ ಸಾಲಿಗೆ ಹೋಗುವಾಗ ನನ್ನ ಮನಸ್ಸು ಎರಡು ಕಡೆ ಎಳೀತಿತ್ತು. ಮಾಯ್ ಮೇಡಂ ಸಿಡುಕಿದರೆ ನೀಲಾನ ಕೈ ಹಿಡಿದು ಕುರುಗೋಡಿಗೆ ಕರಕೊಂಡು ಹೋಗಬಹುದು, ಅದೂ ಸಂತೋಷವೇ. ಸಿಡುಕದಿದ್ದರೆ ಇವಳ ಹಾದಿ ಇಲ್ಲೇ.

ನೀಲಾ ಕೇಳಿದಳು. ಮಾಯ್ ಮೇಡಂ ಹುಬ್ಬು ಗಂಟು ಹಾಕಿದಳು. ಆತು, ಮುಗೀತು ಅಂದುಕೊಂಡೆ. ಅವಳು ಕಾಗದ ಎಳೆದುಕೊಂಡು ಆ ಸಾಲನ್ನ ಎರಡು ಸಲ ಓದಿದಳು. ಆಮೇಲೆ ನೀಲಾಗೆ ಏನೋ ಹೇಳಿ, ಪೆನ್ನು ತಗೊಂಡು ಸಾಲಿನ ಮೇಲೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದಳು. ಇಲ್ಲಿ ಇರೋ ಪರವಾನಗಿಯ ಮುದ್ರೆ ಹಾಕಿಸಾಕ ಸರ್ಕಾರಿ ಕಚೇರಿಗೆ ಒಯ್ಯೋವಾಗ ಮಾತ್ರ ಪಾಸ್‌ಪೋರ್ಟು ಬೇಕಂತೆ, ಮುಗಿದ ದಿನವೇ ಕೈಗೆ ಕೊಡ್ತಾಳಂತೆ. ಇಷ್ಟು ದಿನ ಯಾರೂ ಕೇಳಿರಲಿಲ್ಲವಂತೆ. ಮುಖ? ನಾಚಿದ ಮುಖ. ಸಿಟ್ಟಿನ ಮುಖ ಅಲ್ಲ. ಅದೆರಡರ ಫರಕು ನನಗೆ ಯಾವ ದೇಶದಲ್ಲೂ ತಿಳೀತದೆ.

ನೀಲಾನೂ ಸಹಿ ಹಾಕಿದಳು. ಕಚೇರಿ ಕೆಲಸ ಮುಗಿದ ಮೇಲೆ, ಹೇಳಿದ ಹಂಗೇ ಪಾಸ್‌ಪೋರ್ಟು ತಿರುಗಿ ನೀಲಾನ ಕೈಗೆ ಬಂತು. ಅದು ಬಂದ ದಿನ ನಾನು ಚೀಲದಲ್ಲಿ ಸಕ್ಕರೆ ಕಟ್ಟಿಕೊಂಡು ಸಾಲಿಗೆ ಹೋದೆ. ಹೆಣ್ಣು ಕೊಟ್ಟೆವು ಅನ್ನೋದಕ್ಕೆ ನಮ್ಮಲ್ಲಿ ಬೀಗರ ಬಾಯಿಗೆ ಸಕ್ಕರೆ ಹಾಕ್ತೀವಲ್ಲ, ಹಂಗೆ ಮಾಯ್ ಮೇಡಂ ಬಾಯಿಗೆ ಒಂದು ಚಿಟಿಕೆ ಹಾಕೇಬಿಟ್ಟೆ.

"ಅಜ್ಜೀ! ಕೆಲಸ ಕೊಡೋರು ಅವರು, ಬೀಗರಲ್ಲ!" ನೀಲಾನ ಮುಖ ಕೆಂಪಗಾಗಿತ್ತು.

"ನಿನಗ ಕೆಲಸ. ನನಗ ಬೀಗತಿ. ಆಕಿಗೆ ತಿಳಿಸಿ ಹೇಳು."

ನೀಲಾ ತಡವರಿಸುತ್ತಾ ಹೇಳಿದಳು. ಮಾಯ್ ಮೇಡಂ ನಗಲಿಲ್ಲ. ನನ್ನ ಕೈಯ ಪೊಟ್ಟಣದಿಂದ ಒಂದು ಚಿಟಿಕೆ ತಗೊಂಡು, ಎರಡೂ ಕೈ ಜೋಡಿಸಿ ಮುಂದೆ ಚಾಚಿ, ನನ್ನ ಬಾಯಿಗೂ ಹಾಕಿದಳು. ಎಂಥಾ ಸಿಹಿ ಅಂತೀನಿ.

ಮರುದಿನ ಬೆಳಿಗ್ಗೆ ವೀರೇಶನ ಫೋನು. ಅವನ ಹಿಂದೆ ಬ್ರೂಸ್‌ಪೇಟೆಯ ಗದ್ದಲ, ಆಟೋ, ಕೈಗಾಡಿಯವನ ಕೂಗು ಎಲ್ಲಾ ಕೇಳಿಸಿತು. "ಏನಾತವ್ವ? ಕರಕೊಂಡು ಬರ್ತಿ?"

"ಇಲ್ಲಪ್ಪ. ಸಕ್ಕರಿ ಹಾಕೀನಿ."

ಹೆಣ್ಣು ಕೊಟ್ಟ ಮನೆಯಲ್ಲಿ ತಾಯಿಯಾದವಳು ಬಹಳ ದಿನ ಇರಬಾರದು ಅಂತಾರೆ. ಇಲ್ಲಿ ಇರಾಕ ನನ್ನ ಪರವಾನಗಿಯೂ ಮೂರೇ ತಿಂಗಳು, ಮುಗಿದರೆ ಊರಿಗೆ ಹೋಗಿ ಮತ್ತೆ ಬರಬೇಕು. ಅಲ್ಲಿ ಹೋದರೆ ಇವಳು ಮಧ್ಯಾಹ್ನ ಮಲಗಿದಳೋ ಇಲ್ಲವೋ ಅನ್ನೋ ಚಿಂತೆ. ಇಲ್ಲಿದ್ದರೆ ನನ್ನ ಕುರುಗೋಡಿನ ಒಲೆ ತಣ್ಣಗಾಯಿತಲ್ಲ ಅನ್ನೋ ಚಿಂತೆ.

"ಆಕಿ ಇರ್ಲಿ ಬಿಡು," ಅಂದ ವೀರೇಶ. "ನೀನರೆ ಬಾ, ಅವ್ವಾ."

ಅದೇ ಹೊತ್ತಿಗೆ ಕೆಳಗಿನ ಬೀದಿಯಿಂದ ಲಾನ್ ರಾಗ ಎಳೆದಳು: "ಬಾ ಓಯ್!"

ಒಂದು ಕಿವಿಯಲ್ಲಿ ನಮ್ಮ ಬಾ, ಇನ್ನೊಂದರಲ್ಲಿ ಇವರ ಬಾ. ಮೆಟ್ಟಿಲ ಮೇಲೆ ನಿಂತು, ಇಬ್ಬರಿಗೂ ಸೇರಿಸಿ ಒಂದೇ ಸಲ ಕೂಗಿದೆ.

"ಬಂದೇ!"