ಕೆಂದಿಯ ಹೊಟ್ಟೆಯಲ್ಲಿ ಸಿಕ್ಕಿದ್ದು

ಆಂಧ್ರದ ಹಿಂದೂಪುರದಿಂದ ಪರಿಗಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಗಂಗಾದೇವಮ್ಮ ಒಂದು ಗೋಶಾಲೆ ನಡೆಸುತ್ತಿದ್ದಳು. 1994ರ ಆಷಾಢದಲ್ಲಿ, ಹದಿನೈದು ದಿನದೊಳಗೆ, ಅಲ್ಲಿ ನಾಲ್ಕು ಹಸುಗಳು ಸತ್ತವು. ಮೊದಲು ಮೇವು ಬಿಟ್ಟವು, ಆಮೇಲೆ ಎಡಮಗ್ಗುಲು ಉಬ್ಬಿತು, ಬಾಯಲ್ಲಿ ನೊರೆ ಬಂತು, ಬಿದ್ದವು. ನಾಲ್ಕಕ್ಕೂ ಅದೇ ಲಕ್ಷಣ. ಯಾವುದೂ ತೀರ ಮುದಿಯಾಗಿರಲಿಲ್ಲ.

ಗಂಗಾದೇವಮ್ಮನಿಗೆ ಆಗ ಐವತ್ತೆರಡು. ಹುಟ್ಟಿದ್ದು ಕಲ್ಯಾಣದುರ್ಗದ ನೇಕಾರರ ಮನೆಯಲ್ಲಿ, ಸೇರಿದ್ದು ಹಿಂದೂಪುರದ ನೇಕಾರರ ಮನೆಗೆ. ಗೋವಿನ ಗೀಳು ಹತ್ತಿಸಿದ್ದು ಮಾವ ಸುಬ್ಬರಾಯಪ್ಪ. 1966ರಲ್ಲಿ ಗೋಹತ್ಯೆ ನಿಲ್ಲಿಸಬೇಕೆಂದು ಸಾಧುಗಳು ದೆಹಲಿಯಲ್ಲಿ ಮೆರವಣಿಗೆ ಹೊರಟಾಗ ಆತ ಮಗ್ಗ ನಿಲ್ಲಿಸಿ, ಭಜನೆಯವರ ಜೊತೆ ರೈಲು ಹತ್ತಿದ್ದ. ಅಲ್ಲಿ ಅಶ್ರುವಾಯು ಸಿಡಿಯಿತು, ಗುಂಡು ಹಾರಿತು. ವಾಪಸು ಬಂದು ಎಷ್ಟೋ ತಿಂಗಳಾದ ಮೇಲೆ ಒಂದು ದಿನ ಸೊಸೆಯ ಹತ್ತಿರ, "ನನ್ನ ಪಕ್ಕದಾಗಿದ್ದ ಸಾಮಿ ಬಿದ್ದೋದ ಕಣಮ್ಮ. ಅವನ ಹೆಸ್ರೂ ಕೇಳಿರ್ಲಿಲ್ಲ ನಾನು" ಎಂದ.

1979ರಲ್ಲಿ ಅದೇ ಕೂಗು ಮತ್ತೆ ಎದ್ದಿತು. ಆಂಧ್ರದಲ್ಲಿ ಎರಡು ವರ್ಷದ ಹಿಂದೆಯೇ ಕಾನೂನು ಬಂದಿತ್ತು. ದೇಶಕ್ಕೆಲ್ಲ ಬರಲಿ ಎಂದು ಅಲ್ಲಲ್ಲಿ ಜನ ಉಪವಾಸ ಕೂತರು, ಸಹಿ ಕೂಡಿಸಿದರು. ಅಷ್ಟರಲ್ಲಿ ಗಂಗಾದೇವಮ್ಮನ ಗಂಡನೂ ಮಾವನೂ ತೀರಿಕೊಂಡಿದ್ದರು. ಅವಳು ತವರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕಂಬದೂರು, ಕುಂದುರ್ಪಿಯ ಹಳ್ಳಿಗಳಲ್ಲಿ ಇಂಕ್ ಪ್ಯಾಡು ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡು ತಿರುಗಿದಳು. ಕುಂದುರ್ಪಿ ಕಡೆಯ ಯರ್ರಿಸ್ವಾಮಿ ಎಂಬ ರೈತ ಹೆಬ್ಬೆಟ್ಟು ಒತ್ತಿ, ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ ಕೇಳಿದ:

"ಒತ್ತಿದ್ನಲ್ಲಮ್ಮ. ಈಗ ನೀನೇ ಹೇಳು, ನನ್ನ ಮುದಿ ಎತ್ತಿಗೆ ಯಾರು ಮೇವು ಹಾಕ್ತಾರೆ? ನೀನು ಹೊಡ್ಕೊಂಡ್ ಹೋಯ್ತೀಯಾ?"

ಮರುದಿನ ಬೆಳಿಗ್ಗೆ ಆ ಎತ್ತಿನ ಹಗ್ಗ ಹಿಡಿದು ಹಿಂದೂಪುರದ ದಾರಿ ಹಿಡಿದಳು. ನಾಲ್ಕು ದಿನದ ನಡಿಗೆ. ಗೋಶಾಲೆ ಶುರುವಾದದ್ದು ಹಾಗೆ.

ಹದಿನೈದು ವರ್ಷದಲ್ಲಿ ಅಲ್ಲಿ ನಲವತ್ತು ದನಗಳಾದವು. ಕಮಿಟಿಯಾಯಿತು, ಜವಳಿ ಅಂಗಡಿಯ ಜಯರಾಮಪ್ಪ ಅದರ ಅಧ್ಯಕ್ಷನಾದ. ಶುಕ್ರವಾರ ಊರ ಹೆಂಗಸರು ಅನ್ನ, ಬಾಳೆಹಣ್ಣು, ಬೆಲ್ಲ ತಂದು ಬೇಲಿಯ ಮೇಲಿಂದ ಹಾಕಿ ಕೈಮುಗಿದು ಹೋಗುವರು. ಸತ್ತ ದನಗಳನ್ನು ಊರಾಚೆಯ ಕೇರಿಯ ಓಬಳಪ್ಪ ಎಳೆದುಕೊಂಡು ಹೋಗುತ್ತಿದ್ದ. ಚರ್ಮ ಅವನಿಗೆ.

ನಾಲ್ಕನೆಯ ಹಸು ಸತ್ತ ದಿನ ಜಯರಾಮಪ್ಪ ಹೇಳಿದ: "ಇದು ಕಾಯ್ಲೆ ಅಲ್ಲಮ್ಮ. ಯಾರೋ ವಿಷ ಹಾಕವ್ರೆ."

ಐದನೆಯದು ಕೆಂದಿ. ಗೋಶಾಲೆಯಲ್ಲೇ ಹುಟ್ಟಿದ್ದು, ಗಂಗಾದೇವಮ್ಮನ ದನಿ ಕೇಳಿದರೆ ಗೇಟಿನವರೆಗೆ ಬರುತ್ತಿದ್ದ ಹಸು. ಬೆಳಿಗ್ಗೆ ಅವಳು ಬಂದಾಗ ಕಾಲು ಚಾಚಿ ಬಿದ್ದಿತ್ತು. ಜನ ಸೇರಿದರು, ಪೊಲೀಸ್ ಜೀಪು ಬಂತು. ಯಾರ ಮೇಲೆ ಅನುಮಾನ ಎಂದು ಕೇಳಿದರು. ಹಸು ಸತ್ತರೆ ಯಾರಿಗೆ ಲಾಭ ಎಂದು ಗುಂಪಿನಲ್ಲಿ ಯಾರೋ ಅಂದರು.

"ಓಬಳಪ್ಪ" ಎಂದಳು ಗಂಗಾದೇವಮ್ಮ. ಪೊಲೀಸರು ಬರೆದ ಕಾಗದಕ್ಕೆ ಸಹಿಯನ್ನೂ ಹಾಕಿದಳು.

ಪಶು ಡಾಕ್ಟರ್ ನರಸಿಂಹಯ್ಯ ರಜೆ ಮುಗಿಸಿ ಬಂದದ್ದು ಮಾರನೆಯ ದಿನ. ಬಂದವನೇ, "ಹೊಟ್ಟೆ ಕೊಯ್ದು ನೋಡ್ದೆ ವಿಷ ಅಂತ ಹೆಂಗಮ್ಮ ಹೇಳ್ತೀರಿ?" ಎಂದು ರೇಗಿದ. ಸತ್ತ ದನ ಕೊಯ್ದು ರೂಢಿಯಿದ್ದವನು ಊರಲ್ಲಿ ಓಬಳಪ್ಪ ಒಬ್ಬನೇ. ಠಾಣೆಯಿಂದ ಅವನನ್ನು ಕರೆತಂದರು. ಅಂಗಾಲಿಗೆ ಏಟು ಬಿದ್ದು ನೆಲಕ್ಕೆ ಪಾದ ಊರಲಾಗುತ್ತಿರಲಿಲ್ಲ. ಗೋಡೆ ಹಿಡಿದು ನಿಂತ. ಡಾಕ್ಟರ್ ಕತ್ತಿ ಚಾಚಿದರೆ ಮುಟ್ಟಲಿಲ್ಲ.

"ನಾನು ಕೊಯ್ದ್ರೆ ನಾನೇ ಒಳಗೆ ಇಟ್ಟೆ ಅಂತಾರೆ ಸಾಮಿ. ನೀವೇ ಕೊಯ್ರಿ. ಅಲ್ಲಲ್ಲ, ಎಡಗಡೆ. ಇನ್ನೂ ಮೇಲಕ್ಕೆ."

ಡಾಕ್ಟರ್ ಮೊಣಕೈವರೆಗೆ ಕೈ ಹಾಕಿ ಎಳೆದ. ಹಗ್ಗದಂತೆ ಹೊಸೆದುಕೊಂಡಿದ್ದ ಒಂದು ಉಂಡೆ ಹೊರಬಂತು. ಎಳೆದಷ್ಟೂ ಬರುತ್ತಲೇ ಇತ್ತು. ಕೊನೆಗೆ ಎರಡು ತೋಳಿನಲ್ಲಿ ತಬ್ಬಿ ಎತ್ತಿ ನೆಲಕ್ಕೆ ಹಾಕಿದ. ಎಲ್ಲ ಪ್ಲಾಸ್ಟಿಕ್ ಕವರುಗಳು. ಬಿಳಿ, ಹಳದಿ, ನೀಲಿ. ಕೆಲವಕ್ಕೆ ಹಾಕಿದ ಗಂಟು ಹಾಗೇ ಇತ್ತು, ಗಂಟಿನೊಳಗೆ ಕೊಳೆತ ಅನ್ನವಿತ್ತು. ಒಂದು ಹಳದಿ ಕವರಿನ ಮೇಲೆ ಜಯರಾಮಪ್ಪನ ಅಂಗಡಿಯ ಹೆಸರು, ತೆಲುಗಿನಲ್ಲಿ, ಒಂದಕ್ಷರವೂ ಮಾಸದೆ ಓದಲು ಬರುತ್ತಿತ್ತು.

ಜಯರಾಮಪ್ಪ ಹೆಗಲ ಟವಲಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದ.

"ಮೊದಲ್ನೇ ಹಸುವಿನ ಹೊಟ್ಟೇಲೇ ನೋಡಿದ್ದೆ ನಾನು" ಎಂದ ಓಬಳಪ್ಪ, ಗಂಗಾದೇವಮ್ಮನ ಕಡೆ ತಿರುಗಿ. "ಹೇಳಾಣ ಅಂತ ಬಂದಿದ್ದೆ ಕಣಮ್ಮ. ಪೂಜೆ ಆಯ್ತಾ ಐತೆ, ಗೇಟಿನಾಚೆ ನಿಂತ್ಕೋ ಅಂದ್ರಿ. ಮಧ್ಯಾಹ್ನದಗಂಟ ನಿಂತಿದ್ದೆ."

ನಿಂತಿದ್ದ. ಅವಳಿಗೆ ನೆನಪಾಯಿತು. ಚರ್ಮದ ವಿಚಾರಕ್ಕೆ ಬಂದಿರಬೇಕೆಂದುಕೊಂಡು ಅವಳು ಹಿಂದಿನ ಬಾಗಿಲಿನಿಂದ ಮನೆಗೆ ಹೋಗಿದ್ದಳು. ಅಂದು ಶುಕ್ರವಾರ. ಬೇಲಿಯ ಮೇಲಿಂದ ಕವರುಗಳು ಬೀಳುತ್ತಿದ್ದವು. ಹೋಗುವ ಮುಂಚೆ, ಭಕ್ತಿಗೆ ಅಡ್ಡಿ ಯಾಕೆಂದು ಅವಳೂ ಅದನ್ನು ನೋಡುತ್ತ ನಿಂತಿದ್ದಳು. ಅವಳು ಕೆಂದಿಯ ತಲೆಯ ಹತ್ತಿರವೇ ಕೂತುಬಿಟ್ಟಳು.

ಅವತ್ತೇ ಡಾಕ್ಟರ್ ಬರೆದುಕೊಟ್ಟ ಕಾಗದ ಹಿಡಿದು ಠಾಣೆಗೆ ಹೋಗಿ, ತನ್ನದೇ ತಪ್ಪೆಂದು ಬರೆದುಕೊಟ್ಟಳು. "ಇದೇದೋ ನಿನ್ನನೇ ಚೆಪ್ಪಿಂಟೆ ಸರಿಪೋಯೇದಿ ಕದಮ್ಮಾ!" ಎಂದು ಅಲ್ಲಿದ್ದವನೊಬ್ಬ ನಕ್ಕ. ನಿನ್ನೆಯೇ ಹೇಳಿದ್ದರೆ ಆಗುತ್ತಿತ್ತಲ್ಲ ಎಂಬ ಆ ನಗು ಅವಳಿಗೆ ಏಟಿನಂತೆ ಬಿತ್ತು. ಓಬಳಪ್ಪನನ್ನು ಬಿಟ್ಟರು.

ಮರುದಿನ ಅವಳು ಕೇರಿಗೆ ಹೋದಳು. ಹಿಂದೂಪುರಕ್ಕೆ ಬಂದು ಮೂವತ್ತು ವರ್ಷವಾಗಿದ್ದರೂ ಆ ಕಡೆ ಕಾಲಿಟ್ಟದ್ದು ಅದೇ ಮೊದಲು. ಓಬಳಪ್ಪನ ಹೆಂಡತಿ ಉಡುಸಲಮ್ಮ ಬಟ್ಟೆಯಲ್ಲಿ ಉಪ್ಪು ಕಟ್ಟಿ ಬಿಸಿ ಮಾಡಿ ಗಂಡನ ಅಂಗಾಲಿಗೆ ಶಾಖ ಕೊಡುತ್ತಿದ್ದಳು. ತಪ್ಪಾಯಿತೆಂದು ತಾನು ಹೇಳಿದ್ದು ಗಂಗಾದೇವಮ್ಮನಿಗೇ ಸರಿಯಾಗಿ ಕೇಳಿಸಲಿಲ್ಲ.

"ಹಸು ಬಿದ್ದೈತೆ ಅಂದ್ರೆ ಊರಿಗ್ ಊರೇ ಬಂತಲ್ಲಮ್ಮ" ಎಂದಳು ಉಡುಸಲಮ್ಮ, ಕೈ ನಿಲ್ಲಿಸದೆ. "ಇವನ್ನ ಹೊಡೆಯೋವಾಗ ನಾನು ಠಾಣೆ ಮುಂದೆ ಒಬ್ಳೇ ಕೂತಿದ್ದೆ."

ಗಂಗಾದೇವಮ್ಮ ಹೊಸಲಿನ ಹೊರಗೆ ಕೂತಳು. ಒಳಗೆ ಬಾ ಎಂದು ಅವರು ಕರೆಯಲಿಲ್ಲ. ಏಳು ಎಂದೂ ಅನ್ನಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ತಾನೇ ಎದ್ದು ಬಂದಳು.

ಮುಂದಿನ ಶುಕ್ರವಾರದಿಂದ ಗೇಟಿನಲ್ಲಿ ಕೂತು, ತಂದ ಕವರುಗಳನ್ನೆಲ್ಲ ತಾನೇ ಬಿಚ್ಚಿ ಮೇವಿನ ತೊಟ್ಟಿಗೆ ಸುರಿದು, ಖಾಲಿ ಕವರನ್ನು ತಂದವರ ಕೈಗೇ ಕೊಡತೊಡಗಿದಳು. ಹಲವರು ಮುನಿಸಿಕೊಂಡರು. ಜಯರಾಮಪ್ಪ ಕಮಿಟಿ ಬಿಟ್ಟ. ಆಮೇಲೂ ಮೂರು ಹಸುಗಳು ಸತ್ತವು, ಮೊದಲೇ ನುಂಗಿದ್ದು ಒಳಗೇ ಇತ್ತಲ್ಲ. ಓಬಳಪ್ಪ ಮತ್ತೆ ಬರಲಿಲ್ಲ. ಆ ಮೂರನ್ನೂ ಗಂಗಾದೇವಮ್ಮನೂ ಆಳುಗಳೂ ಸೇರಿ ಹಗ್ಗ ಹಾಕಿ ಎಳೆದು, ಹಳ್ಳ ತೋಡಿ ಹೂತರು. ಅವಳ ಅಂಗೈ ಬೊಬ್ಬೆ ಎದ್ದು ಒಡೆಯಿತು.

ನಾಲ್ಕು ವರ್ಷದ ಮೇಲೆ ವರ್ಗವಾಗಿ ಹೊರಟ ನರಸಿಂಹಯ್ಯ ಹೇಳಿಹೋಗಲು ಬಂದಾಗ ಅವಳು ಕೇಳಿದಳು: "ಡಾಕ್ಟ್ರೇ, ಅವತ್ತು ಯಾರೂ ನನ್ನ ಬಲವಂತ ಮಾಡ್ಲಿಲ್ಲ. ಅವನ ಹೆಸ್ರು ನನ್ನ ಬಾಯಿಗೆ ಅಷ್ಟು ಬೇಗ ಹೆಂಗ್ ಬಂದ್ಬುಡ್ತು?"



ಓಬಳಪ್ಪ ಕುಂಟು ಕಾಲಿನಲ್ಲೇ ಕಲ್ಯಾಣದುರ್ಗದ ಕಡೆ ಕಲ್ಲು ಕೆಲಸಕ್ಕೆ ಹೋಗತೊಡಗಿದ. ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ "ಚೆಂದಾಗಿದೀರಾಮ್ಮ" ಎನ್ನುವನು. ಅವಳು ಮಾತು ಹುಡುಕುವಷ್ಟರಲ್ಲಿ ಬಸ್ಸು ಹತ್ತಿರುತ್ತಿದ್ದ.