ಮದಕರಿಪುರದ ಜಗಲಿಯಲ್ಲಿ ಕಾಮಾಲೆಯವರು

ಎಪ್ಪತ್ತರ ದಶಕದ ಮಾತು. ಹೊಳಲ್ಕೆರೆಯಲ್ಲಿ ನನ್ನ ಮದುವೆ ಗೊತ್ತಾಗಿ ತಿಂಗಳಾಗಿತ್ತು, ಅಷ್ಟರಲ್ಲಿ ನನಗೆ ಕಾಮಾಲೆ ಬಂತು. "ಹೊಸದುರ್ಗದ ಬೀಗರಿಗೆ ಗೊತ್ತಾಗಬಾರ್ದು" ಎಂದ ಅಪ್ಪ, ನನ್ನನ್ನು ಮದಕರಿಪುರದಲ್ಲಿ ನಾಟಿ ಔಷಧಿ ಕೊಡುತ್ತಿದ್ದ ಅಜ್ಜಿಯೊಬ್ಬರ ಹತ್ತಿರ ಕರೆದುಕೊಂಡು ಹೋದರು.

ಅಜ್ಜಿಯ ಜಗಲಿ ತುಂಬಿತ್ತು. ಕಂಬಳಿ ಹೊದ್ದ ಗಟ್ಟಿಮುಟ್ಟಾದ ಕುರಿಗಾಹಿ, ಖಾಕಿ ತೊಟ್ಟ ಬಸ್ ಕಂಡಕ್ಟರ್, ಬುರ್ಖಾ ಹಾಕಿದ ಹುಡುಗಿ, ಎಲ್ಲರೂ ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಎಲ್ಲರ ಕಣ್ಣೂ ಅರಿಶಿನ. ನನಗೊಬ್ಬಳಿಗೇ ಹೀಗಾಯಿತೆಂದು ನಾನು ವಾರದಿಂದ ಅಳುತ್ತಿದ್ದೆ.

"ಅಳ್ತೀಯೇನವ್ವ? ಇದು ಜಾತಿ ಕೇಳ್ಕಂಡು ಬರಲ್ಲ. ನನ್ನ ತಾವ ಬರೋರೆಲ್ಲ ಹಿಂಗೇ ಹರೆಯದೋರು" ಎಂದು ಅಜ್ಜಿ ನನ್ನ ಕಣ್ಣರೆಪ್ಪೆ ಎಳೆದು ನೋಡಿದರು.

ಆಗ ಕಂಬದ ಮರೆಯಲ್ಲಿ ಕುಳಿತಿದ್ದವರೊಬ್ಬರು ಎದ್ದು ನಿಂತರು. ನಾನು ಮದುವೆಯಾಗಬೇಕಿದ್ದವರು! ಅವರ ಕಣ್ಣೂ ಹಳದಿ.

"ನಿಮಗೆ ಹೇಳಬ್ಯಾಡ ಅಂತ ಮನೇಲಿ ಅಂದಿದ್ರು, ಮಾವ" ಎಂದರು ತಲೆ ತಗ್ಗಿಸಿ.

ಅಪ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಆಮೇಲೆ, "ಕುಂತ್ಕಳ್ರಿ. ನಾವೂ ನಿಮಗೆ ಹೇಳ್ದಂಗೇ ಬಂದೀವಿ" ಎಂದು ನಕ್ಕುಬಿಟ್ಟರು.

ಲಗ್ನ ಮೂರು ತಿಂಗಳು ಮುಂದೆ ಹೋಯಿತು. ಎರಡೂ ಮನೆಗಳಲ್ಲಿ ಎಣ್ಣೆಯಿಲ್ಲದ ಸಪ್ಪೆ ಊಟ ನಡೆಯಿತು. ವಾರಕ್ಕೊಮ್ಮೆ ಅವರ ಕಾಗದ ಬರುತ್ತಿತ್ತು: "ನಿಮ್ಮ ಕಣ್ಣು ತಿಳಿಯಾಯಿತೇ?"